ರಿಂಗ್ ಮೇಲೆ ಕೂರಿಸುವ ರೀಬೌಂಡ್ ಮುಚ್ಚಳ: ಎತ್ತರವಿಲ್ಲದ ತಂಡಕ್ಕೆ ಇದು ಸಾಕಾ?

ಮೊದಲೇ ಹೇಳಿಬಿಡುತ್ತೇನೆ. ಈ ಮುಚ್ಚಳ ಒಳ್ಳೆಯ ಸಾಮಾನು, ನಾವು ಇವತ್ತಿಗೂ ಬಳಸುತ್ತಿದ್ದೇವೆ. ಆದರೆ ನಿಮ್ಮ ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಎತ್ತರದವರು ಇಲ್ಲ, ರೀಬೌಂಡ್ (ಶಾಟ್ ತಪ್ಪಿ ಪುಟಿದು ಬರುವ ಚೆಂಡು) ಎಲ್ಲ ಎದುರಾಳಿಗಳ ಪಾಲಾಗುತ್ತಿದೆ ಅಂತ ಇದನ್ನು ಕೊಳ್ಳಲು ಹೊರಟಿದ್ದರೆ ಸ್ವಲ್ಪ ನಿಲ್ಲಿ. ನೀವು ಮೊದಲು ಕೊಳ್ಳಬೇಕಾದದ್ದು ಕೈಯಲ್ಲಿ ಹಿಡಿದು ತಳ್ಳುವ ದಪ್ಪ ಪ್ಯಾಡ್. ಮುಚ್ಚಳ ಆಮೇಲೆ.

ನೋಡಿಲ್ಲದವರಿಗೆ ಹೇಳುವುದಾದರೆ, ಇದು ಬೋರಲು ಹಾಕಿದ ಬೋಗುಣಿ ಥರ ಇರುವ ಗಟ್ಟಿ ಪ್ಲಾಸ್ಟಿಕ್ ಮುಚ್ಚಳ. ರಿಂಗ್ ಮೇಲೆ ಕೂರಿಸಿ ಕೊಕ್ಕೆ ಸಿಕ್ಕಿಸಿದರೆ ಆಯಿತು. ಅಲ್ಲಿಂದ ಮುಂದೆ ಎಷ್ಟೇ ಒಳ್ಳೆಯ ಶಾಟ್ ಹೊಡೆದರೂ ಚೆಂಡು ಒಳಗೆ ಬೀಳುವುದಿಲ್ಲ, ಹೊರಗೇ ಪುಟಿಯುತ್ತದೆ. ಅಂದರೆ ಪ್ರತಿ ಶಾಟ್‌ಗೂ ಒಂದು ರೀಬೌಂಡ್ ಗ್ಯಾರಂಟಿ. ಇದರ ಪೂರ್ತಿ ಕೆಲಸ ಇಷ್ಟೇ.

ನಾನು ಕೋಚಿಂಗ್ ಮಾಡುವ ಕಾಲೇಜು ತಂಡದಲ್ಲಿ ಸೆಂಟರ್ (ರಿಂಗ್ ಹತ್ತಿರ ನಿಲ್ಲುವ, ಸಾಮಾನ್ಯವಾಗಿ ಎಲ್ಲರಿಗಿಂತ ಎತ್ತರದವನ ಜಾಗ) ಆಡುವ ಹುಡುಗನ ಎತ್ತರ 6 ಅಡಿ 2 ಇಂಚು. ಬೇರೆ ಎಷ್ಟೋ ತಂಡಗಳಲ್ಲಿ ಇವನು ಗಾರ್ಡ್ (ಹೊರಗಿನಿಂದ ಚೆಂಡು ನಡೆಸುವ, ಸಾಮಾನ್ಯವಾಗಿ ಗಿಡ್ಡ ಇರುವವರ ಜಾಗ) ಆಡುತ್ತಿದ್ದ. ಉಳಿದವರು ಅವನಿಗಿಂತ ಗಿಡ್ಡ. ಹುಡುಗರು ಚುರುಕು, ಡಿಫೆನ್ಸ್ ಚೆನ್ನಾಗಿ ಆಡುತ್ತಾರೆ, ಎದುರಾಳಿಗೆ ಸುಲಭದ ಶಾಟ್ ಬಿಡುವುದಿಲ್ಲ. ಕಷ್ಟದ ಶಾಟ್ ಹೊಡೆಸುತ್ತೇವೆ, ಅದು ತಪ್ಪುತ್ತದೆ, ಅಷ್ಟರಲ್ಲಿ ಅವರ ಉದ್ದನೆಯ ಫಾರ್ವರ್ಡ್ ನಮ್ಮವರ ತಲೆ ಮೇಲಿಂದ ಕೈ ಚಾಚಿ ಚೆಂಡು ಎತ್ತಿಕೊಂಡು ಅಲ್ಲೇ ಹಾಕಿಬಿಡುತ್ತಾನೆ. ಫೀಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ) ನಿಯಮದಲ್ಲಿ ಅಫೆನ್ಸಿವ್ ರೀಬೌಂಡ್, ಅಂದರೆ ತನ್ನದೇ ತಪ್ಪಿದ ಶಾಟ್‌ನ ಚೆಂಡು, ಸಿಕ್ಕ ತಂಡಕ್ಕೆ ಶಾಟ್ ಹೊಡೆಯಲು ಮತ್ತೆ 14 ಸೆಕೆಂಡ್ ಸಿಗುತ್ತದೆ. ಶಾಟ್‌ಗೆ ಇರುವ ಪೂರ್ತಿ 24 ಸೆಕೆಂಡ್ ಬೆವರು ಸುರಿಸಿ ತಡೆದ ಮೇಲೆ ಇನ್ನೊಂದು 14 ಸೆಕೆಂಡ್ ತಡೆಯಬೇಕು. ಪಾಯಿಂಟ್ ಹೋಗುವುದಕ್ಕಿಂತ ಜಾಸ್ತಿ ನೋವಾಗುವುದು ಹುಡುಗರ ಮುಖ ನೋಡಿ. ಮಾಡಿದ್ದೆಲ್ಲ ಸರಿ ಇತ್ತು, ಆದರೂ ಚೆಂಡು ಅವರದ್ದೇ, ಅಲ್ವಾ?

ಈಗ ಮುಚ್ಚಳಕ್ಕೆ ಬರೋಣ.

ಇದರ ದೊಡ್ಡ ಲಾಭ ಸಮಯ. ಮಾಮೂಲಿ ಪ್ರಾಕ್ಟೀಸ್‌ನಲ್ಲಿ ರೀಬೌಂಡ್ ಡ್ರಿಲ್ ಮಾಡುವಾಗ ಯಾರಾದರೂ ಬೇಕಂತಲೇ ಶಾಟ್ ತಪ್ಪಿಸಬೇಕು. ಬೇಕಂತಲೇ ತಪ್ಪಿಸಿದ ಶಾಟ್ ಯಾವತ್ತೂ ನಿಜವಾದ ಶಾಟ್ ಥರ ಇರುವುದಿಲ್ಲ, ಸುಮ್ನೆ ಬೋರ್ಡ್‌ಗೆ ಎಸೆದ ಹಾಗಿರುತ್ತದೆ. ಇಲ್ಲದಿದ್ದರೆ ಅರ್ಧ ಶಾಟ್ ಒಳಗೆ ಬಿದ್ದು ಡ್ರಿಲ್ ನಿಂತುನಿಂತು ಸಾಗುತ್ತದೆ. ಮುಚ್ಚಳ ಹಾಕಿದ ಮೇಲೆ ಆ ತಾಪತ್ರಯ ಇಲ್ಲ. ಶೂಟರ್ ನಿಜವಾದ ಶಾಟ್ ಹೊಡೆಯುತ್ತಾನೆ, ಉಳಿದವರು ಪ್ರತಿ ಸಲ ಜಗಳಕ್ಕಿಳಿಯುತ್ತಾರೆ. ಫ್ರೀ ಥ್ರೋ (ಫೌಲ್‌ಗೆ ಸಿಗುವ, ಯಾರೂ ತಡೆಯದ ಶಾಟ್) ಅಭ್ಯಾಸಕ್ಕಂತೂ ಇದಕ್ಕಿಂತ ಒಳ್ಳೆಯದು ಬೇರೆ ನೋಡಿಲ್ಲ. ಎದುರಾಳಿ ಫ್ರೀ ಥ್ರೋ ಹೊಡೆಯುವಾಗ ರಿಂಗ್‌ಗೆ ಹತ್ತಿರದ ಎರಡು ಜಾಗ ಡಿಫೆನ್ಸ್ ಕಡೆಯವರದ್ದೇ ಆಗಿರುತ್ತದೆ. ಗಿಡ್ಡ ತಂಡಕ್ಕೆ ನಿಯಮವೇ ಒಳಗಿನ ಜಾಗ ಬಿಟ್ಟುಕೊಡುವ ಸಂದರ್ಭ ಅದೊಂದೇ. ಆದರೂ ಎಷ್ಟು ತಂಡ ಅಲ್ಲಿ ಚೆಂಡು ಕಳೆದುಕೊಳ್ಳುತ್ತವೆ ನೋಡಿ. ಮುಚ್ಚಳ ಹಾಕಿ ಇದನ್ನು ಒಂದೇ ಸಮನೆ ಆಡಿಸಬಹುದು, ಕಾಲು ಮುಂದಿಡುವ ಕ್ರಮ ಹುಡುಗರಿಗೆ ರೂಢಿಯಾಗುವವರೆಗೆ.

ಇನ್ನು ತೊಂದರೆಗಳು. ಮೊದಲನೆಯದು ಚೆಂಡು ಪುಟಿಯುವ ರೀತಿ. ನಿಜವಾದ ರಿಂಗ್‌ನ ಒಳಗಿನ ಅಗಲ ಸುಮಾರು 45 ಸೆಂಟಿಮೀಟರ್, ಚೆಂಡಿನ ಅಗಲ ಸುಮಾರು 24. ಚೆಂಡು ಮುಂದಿನ ಕಂಬಿಗೆ ಬಡಿಯಬಹುದು, ಹಿಂದಿನದಕ್ಕೆ ಬಡಿಯಬಹುದು, ಒಳಗೇ ಎರಡು ಸುತ್ತು ಹಾಕಿ ಹೊರಗೆ ಬರಬಹುದು, ಬೋರ್ಡ್‌ಗೆ ತಾಗಿ ಪಕ್ಕಕ್ಕೆ ಜಾರಬಹುದು. ಪಳಗಿದ ಆಟಗಾರ ಇದನ್ನು ಓದುತ್ತಾನೆ. ಮೂಲೆಯಿಂದ ಹೊಡೆದ ಶಾಟ್ ತಪ್ಪಿದರೆ ಬಹಳಷ್ಟು ಸಲ ಎದುರು ಬದಿಗೆ ಹೋಗುತ್ತದೆ. ದೂರದಿಂದ ಹೊಡೆಯುವ ತ್ರೀ ಪಾಯಿಂಟ್ ಶಾಟ್ ತಪ್ಪಿದರೆ ದೂರಕ್ಕೆ ಪುಟಿಯುವುದು ಜಾಸ್ತಿ. ಮುಚ್ಚಳದ ಮೇಲೆ ಬಿದ್ದ ಚೆಂಡಿಗೆ ಈ ಗುಣ ಯಾವುದೂ ಇಲ್ಲ. ನಾವು ತಂದ ಮುಚ್ಚಳದಲ್ಲಿ ಚೆಂಡು ಜಾಸ್ತಿ ಮೇಲಕ್ಕೆ ಹಾರಿ ರಿಂಗ್ ಹತ್ತಿರವೇ ಇಳಿಯುತ್ತದೆ. ಹಾಗೆ ಇಳಿಯುವ ಚೆಂಡು ಯಾರಿಗೆ ಅನುಕೂಲ? ಎತ್ತರ ಇರುವವನಿಗೆ! ನಮ್ಮಂಥ ತಂಡ ಗೆಲ್ಲಬಹುದಾದದ್ದು ದೂರಕ್ಕೆ ಚಿಮ್ಮುವ ಚೆಂಡನ್ನು, ಅದರ ಅಭ್ಯಾಸವೇ ಇದರಲ್ಲಿ ಸಿಗುವುದಿಲ್ಲ. ಹಾಗಾಗಿ ದೂರದ ಶಾಟ್‌ಗಳ ರೀಬೌಂಡ್ ಡ್ರಿಲ್ ಮಾಡುವಾಗ ನಾವು ಮುಚ್ಚಳ ತೆಗೆದುಬಿಡುತ್ತೇವೆ.

ಎರಡನೆಯದು ಶೂಟರ್‌ಗಳದ್ದು. ಏನು ಹೊಡೆದರೂ ಒಳಗೆ ಹೋಗಲ್ಲ ಅಂತ ಗೊತ್ತಾದ ಮೇಲೆ ಹುಡುಗರು ಮಣಿಕಟ್ಟು ಬಿಗಿ ಬಿಡುತ್ತಾರೆ, ಗುರಿ ಇಡುವುದನ್ನೂ ಬಿಡುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ, ಮನುಷ್ಯ ಸ್ವಭಾವ. ನಿಮ್ಮ ಒಳ್ಳೆಯ ಶೂಟರ್‌ಗಳನ್ನು ಈ ಡ್ರಿಲ್‌ನಲ್ಲಿ ಶಾಟ್ ಹೊಡೆಯಲು ನಿಲ್ಲಿಸಬೇಡಿ. ಕೋಚ್ ಅಥವಾ ಆ ದಿನ ಗಾಯವಾಗಿ ಕೂತಿರುವವರು ಹೊಡೆಯಲಿ.

ಮೂರನೆಯದೇ ನನಗೆ ಮುಖ್ಯ, ಈ ವಿಮರ್ಶೆ ಬರೆಯುತ್ತಿರುವುದೂ ಅದಕ್ಕೇ. ಮುಚ್ಚಳ ಎಲ್ಲರ ಕಣ್ಣನ್ನೂ ಮೇಲಕ್ಕೆ ಎಳೆಯುತ್ತದೆ. ಚೆಂಡು ಹೇಗೂ ಪುಟಿಯುತ್ತದೆ ಅಂತ ಗೊತ್ತಿರುವುದರಿಂದ ಎಲ್ಲರೂ ಮೇಲೆ ನೋಡುತ್ತಾ ನಿಂತುಬಿಡುತ್ತಾರೆ, ಆಮೇಲೆ ಹಾರುತ್ತಾರೆ. ಎತ್ತರದ ತಂಡ ಹಾಗೆ ನಿಂತರೂ ನಡೆಯುತ್ತದೆ. ಗಿಡ್ಡ ತಂಡದ ರೀಬೌಂಡ್ ನಿರ್ಧಾರವಾಗುವುದು ಚೆಂಡು ಶೂಟರ್ ಕೈ ಬಿಟ್ಟ ಹೊತ್ತಿನಿಂದ ರಿಂಗ್ ಮುಟ್ಟುವವರೆಗಿನ ಆ ಸಣ್ಣ ಸಮಯದಲ್ಲಿ. ಆಗ ಕಣ್ಣು ಚೆಂಡಿನ ಮೇಲಿರಬಾರದು. ನನ್ನ ಆಳು ಎಲ್ಲಿ ಅಂತ ಹುಡುಕಬೇಕು, ಹೋಗಿ ಮೈ ತಾಗಿಸಬೇಕು, ತಿರುಗಿ ಬೆನ್ನಿಗೆ ಹಾಕಿಕೊಳ್ಳಬೇಕು, ಮೊಣಕಾಲು ಬಗ್ಗಿಸಿ ಸೊಂಟ ಕೆಳಗಿಳಿಸಿ ನಿಲ್ಲಬೇಕು. ಇದೇ ಬಾಕ್ಸ್ ಔಟ್. ಇಲ್ಲಿ ಗಿಡ್ಡ ಇರುವುದು ಕೊರತೆಯೇ ಅಲ್ಲ, ತಗ್ಗಿ ನಿಂತವನನ್ನು ಕದಲಿಸುವುದು ಕಷ್ಟ. ನಾನು ಮೊದಲು ಜಾಗ ಹಿಡಿದು ನಿಂತಿದ್ದರೆ ಆ ಜಾಗವೂ ಅದರ ಮೇಲಿನ ಗಾಳಿಯೂ ನಿಯಮದ ಪ್ರಕಾರ ನನ್ನದು. ಹಿಂದಿನಿಂದ ಬೆನ್ನ ಮೇಲೆ ಬಿದ್ದು ಚೆಂಡು ತೆಗೆಯಲು ನೋಡಿದರೆ ಫೌಲ್ ಅವನದ್ದು. ಹಾಗಂತ ನಾನೂ ಕೈಯಿಂದ ಅವನನ್ನು ಹಿಡಿದುಕೊಳ್ಳುವಂತಿಲ್ಲ, ಹಿಂದಕ್ಕೆ ದಬ್ಬುವಂತೆಯೂ ಇಲ್ಲ.

ಇದನ್ನು ಕಲಿಸುವುದು ಪ್ಯಾಡ್. ಒಬ್ಬ ಪ್ಯಾಡ್ ಹಿಡಿದು ಓಡಿ ಬಂದು ತಳ್ಳುತ್ತಾನೆ, ಇನ್ನೊಬ್ಬ ಬೆನ್ನು ಕೊಟ್ಟು ತಡೆಯುತ್ತಾನೆ. ನಾವು ಒಂದು ನಿಯಮ ಮಾಡಿಕೊಂಡಿದ್ದೇವೆ, ಚೆಂಡು ನೆಲಕ್ಕೆ ಬಿದ್ದ ಮೇಲೇ ಎತ್ತಿಕೊಳ್ಳಬೇಕು. ಅಂದರೆ ಅಷ್ಟು ಹೊತ್ತು ಎದುರಾಳಿಯನ್ನು ಬೆನ್ನ ಹಿಂದೆಯೇ ಇಟ್ಟುಕೊಂಡಿರಬೇಕು, ಹಾರಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಶುರುವಿನಲ್ಲಿ ಹುಡುಗರು ಗೊಣಗಿದರು. ಈಗ ಅವರೇ ಕೇಳಿ ಆಡುತ್ತಾರೆ. ಮ್ಯಾಚ್‌ನಲ್ಲಿ ಎದುರಾಳಿಗಳಿಗೆ ಎರಡನೇ ಅವಕಾಶ ಸಿಗುವುದು ಕಡಿಮೆಯಾಗಿದ್ದರೆ ಅದಕ್ಕೆ ಕಾರಣ ಈ ಪ್ಯಾಡ್, ಮುಚ್ಚಳ ಅಲ್ಲ. ನನಗೆ ಇದರಲ್ಲಿ ಅನುಮಾನವೇ ಇಲ್ಲ.

ಇನ್ನೊಂದು ಮಾತು, ಗಾರ್ಡ್‌ಗಳ ಬಗ್ಗೆ. ಶಾಟ್ ತಪ್ಪುವುದೇ ತಡ ಗಾರ್ಡ್‌ಗಳು ಫಾಸ್ಟ್ ಬ್ರೇಕ್‌ಗೆ, ಅಂದರೆ ಎದುರಾಳಿ ಸುಧಾರಿಸಿಕೊಳ್ಳುವ ಮೊದಲೇ ದಾಳಿ ಮಾಡಲು, ಮುಂದೆ ಓಡುವ ಅಭ್ಯಾಸ ಎಲ್ಲ ಕಡೆ ಇದೆ. ಸೆಂಟರ್ ಎತ್ತರ ಇದ್ದರೆ ಓಡಲಿ. ನಮ್ಮಂಥ ತಂಡದಲ್ಲಿ ಐದೂ ಜನ ಒಳಗೆ ಬರಬೇಕು. ಒಳಗಿನ ಹುಡುಗರು ಎದುರಾಳಿಯ ಉದ್ದನೆಯವರನ್ನು ತಡೆದು ನಿಂತರೆ ಸಾಕು, ಅವರೇ ಚೆಂಡು ಹಿಡಿಯಬೇಕೆಂದಿಲ್ಲ. ಬೆರಳ ತುದಿಯಿಂದ ಹೊರಗೆ ತಟ್ಟಿದರೂ ನಡೆಯುತ್ತದೆ, ಗಾರ್ಡ್ ಬಂದು ಎತ್ತಿಕೊಳ್ಳುತ್ತಾನೆ. ರೀಬೌಂಡ್ ಲೆಕ್ಕದಲ್ಲಿ ಗಾರ್ಡ್ ಹೆಸರು ಬರುತ್ತದೆ, ದುಡಿದವನು ಸೆಂಟರ್. ಅದಕ್ಕೇ ನಾವು ಮ್ಯಾಚ್‌ನಲ್ಲಿ ಯಾರು ಎಷ್ಟು ಸಲ ಬಾಕ್ಸ್ ಔಟ್ ಮಾಡಿದರು ಅಂತ ಬೇರೆಯೇ ಬರೆದಿಡುತ್ತೇವೆ, ಮ್ಯಾಚ್ ಮುಗಿದ ಮೇಲೆ ಎಲ್ಲರೆದುರು ಓದುತ್ತೇವೆ. ಕಾಣದ ಕೆಲಸಕ್ಕೆ ಮರ್ಯಾದೆ ಸಿಗಬೇಕು.

ಎತ್ತರವೇ ಎಲ್ಲ ಅನ್ನುವವರಿಗೆ ಮೂರು ಹೆಸರು ಹೇಳುತ್ತೇನೆ. ಚಾರ್ಲ್ಸ್ ಬಾರ್ಕ್ಲಿಯ ಎತ್ತರ ದಾಖಲೆಯಲ್ಲಿ 6 ಅಡಿ 6 ಇಂಚು, ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ರಿಂಗ್ ಹತ್ತಿರ ಆಡುವವರ ಮಧ್ಯೆ ಅದು ಗಿಡ್ಡವೇ. ಆದರೂ 1986-87ರಲ್ಲಿ ಪಂದ್ಯಕ್ಕೆ ಸರಾಸರಿ 14.6 ರೀಬೌಂಡ್ ತೆಗೆದು ಲೀಗ್‌ಗೇ ಮೊದಲಿಗನಾದ. ಡೆನ್ನಿಸ್ ರಾಡ್‌ಮನ್ 6 ಅಡಿ 7 ಇಂಚು, 1991-92ರಿಂದ ಸತತ 7 ಸೀಸನ್ ರೀಬೌಂಡ್‌ನಲ್ಲಿ ಮೊದಲ ಸ್ಥಾನ. ಯಾರ ಶಾಟ್ ಹೇಗೆ ತಿರುಗುತ್ತದೆ, ತಪ್ಪಿದರೆ ಎತ್ತ ಬೀಳುತ್ತದೆ ಅಂತ ಕೂತು ಗಮನಿಸುತ್ತಿದ್ದ ಆಟಗಾರ ಅವನು. ಅಮೆರಿಕದ ಕಾಲೇಜು ಆಟದಲ್ಲಿ ಕೆನೆತ್ ಫರೀದ್ ಅಂತ ಇದ್ದ, ಮೋರ್‌ಹೆಡ್ ಸ್ಟೇಟ್ ಎಂಬ ಸಣ್ಣ ತಂಡದವನು, 6 ಅಡಿ 8 ಇಂಚು. 2011ರಲ್ಲಿ ಅವನು ಆಧುನಿಕ ಕಾಲದ ಕಾಲೇಜು ರೀಬೌಂಡ್ ದಾಖಲೆಯಲ್ಲಿ ಮುಂದೆ ಎನ್‌ಬಿಎ ತಾರೆಯಾದ ಟಿಮ್ ಡಂಕನ್‌ನನ್ನು ಹಿಂದೆ ಹಾಕಿ ಒಟ್ಟು 1,673ಕ್ಕೆ ಮುಗಿಸಿದ. ಇವರೆಲ್ಲ ನಮ್ಮ ಹುಡುಗರಿಗಿಂತ ಎತ್ತರ, ಒಪ್ಪುತ್ತೇನೆ. ಆದರೆ ತಮ್ಮ ಎದುರು ನಿಂತವರಿಗಿಂತ ಎಷ್ಟೋ ಸಲ ಗಿಡ್ಡ ಇದ್ದರು. ನಮ್ಮ ಮಟ್ಟದ ಆಟದಲ್ಲಂತೂ ಹೆಚ್ಚಿನ ರೀಬೌಂಡ್ ಕೈಗೆ ಸಿಗುವುದು 10 ಅಡಿ ಎತ್ತರದ ರಿಂಗ್‌ಗಿಂತ ಕೆಳಗೇ.

ಇಷ್ಟಾದ ಮೇಲೂ ಮುಚ್ಚಳ ಕೊಳ್ಳುವವರು ಕೆಲವು ವಿಷಯ ನೋಡಿಕೊಳ್ಳಿ. ಕೆಳಗೆ ನಿಂತೇ ಕೋಲಿನಿಂದ ಹಾಕಿ ತೆಗೆಯುವಂತಿರಬೇಕು. ಪ್ರತಿ ಸಲ ಏಣಿ ತರಬೇಕಾದರೆ ಒಂದೆರಡು ವಾರದಲ್ಲೇ ಅದು ಮೂಲೆ ಸೇರುತ್ತದೆ. ಕೊಕ್ಕೆಗಳಿಗೆ ರಬ್ಬರ್ ಇದೆಯಾ ನೋಡಿ, ಇಲ್ಲದಿದ್ದರೆ ರಿಂಗ್‌ನ ಬಣ್ಣ ಕಿತ್ತುಬರುತ್ತದೆ. ಬೆನ್ನು ತೀರಾ ಚಪ್ಪಟೆ ಇರುವ ಮುಚ್ಚಳದ ಮೇಲೆ ಚೆಂಡು ಎರಡು ಮೂರು ಸಲ ಪುಟಿದು ಸಮಯ ಹಾಳು ಮಾಡುತ್ತದೆ, ಸ್ವಲ್ಪ ಇಳಿಜಾರು ಇರುವುದೇ ವಾಸಿ. ಸದ್ದು ಜೋರು, ಒಳಾಂಗಣದಲ್ಲಿ ಕೋಚ್ ಕೂಗಿದ್ದು ಕೇಳಿಸುವುದಿಲ್ಲ. ಪ್ಲಾಸ್ಟಿಕ್ ಮಾತ್ರ ಗಟ್ಟಿ, ನಮ್ಮದು ಎಷ್ಟೋ ಸಲ ಕೆಳಗೆ ಬಿದ್ದರೂ ಒಡೆದಿಲ್ಲ. ಆದರೆ ಒಂದು ಕೊಕ್ಕೆ ಸಡಿಲವಾಗಿದೆ, ಅದನ್ನು ಬೇರೆಯಾಗಿ ಮಾರುವುದಿಲ್ಲ ಅಂತ ಮಾರಿದವರು ಹೇಳಿದರು. ಅದು ನನಗೆ ಸರಿ ಅನಿಸಲಿಲ್ಲ. ಸಣ್ಣ ಬಿಡಿಭಾಗ ಕೊಡದೆ ಪೂರ್ತಿ ಮುಚ್ಚಳ ಹೊಸದು ತಗೊಳ್ಳಿ ಅನ್ನುವುದು ಅನ್ಯಾಯ.

ಮುಚ್ಚಳಕ್ಕೆ ಐದರಲ್ಲಿ ಮೂರು ಸ್ಟಾರ್ ಕೊಡುತ್ತೇನೆ. ಪ್ಯಾಡ್‌ಗೆ ಐದಕ್ಕೆ ಐದು. ಎರಡೂ ಇದ್ದರೆ ಮೊದಲು ಪ್ಯಾಡ್ ಡ್ರಿಲ್ ಮಾಡಿಸಿ, ಹುಡುಗರ ಮೈ ತಾಗಿಸುವ ಅಂಜಿಕೆ ಹೋಗಲಿ, ಆಮೇಲೆ ಮುಚ್ಚಳ ಹಾಕಿ ಮೂವರ ಮೇಲೆ ಮೂವರನ್ನು ಆಡಿಸಿ, ಪ್ರಾಕ್ಟೀಸ್‌ನ ಕೊನೆಯಲ್ಲಿ, ಕಾಲು ಸೋತಿರುವಾಗ. ಮ್ಯಾಚ್‌ನಲ್ಲಿ ನಾವು ಚೆಂಡು ಕಳೆದುಕೊಳ್ಳುತ್ತಿದ್ದದ್ದೂ ಅದೇ ಹೊತ್ತಿನಲ್ಲಿ.