ಲುಸಿಟಾನಿಯಾ ಹಡಗಿನ ಮಾಡೆಲ್ ಕಿಟ್: ಅಂಟು ಬಿಟ್ಟು ಉಳಿದದ್ದೆಲ್ಲ ಚೆನ್ನ

ದಾವಣಗೆರೆಯಲ್ಲಿ ನಲವತ್ತು ವರ್ಷ ಬಟ್ಟೆ ಹೊಲಿದವನು ನಾನು. ಕೈ ಸುಮ್ನೆ ಕೂರಲ್ಲ ಅಂತ ಮೊಮ್ಮಗಳು ಲುಸಿಟಾನಿಯಾ ಅನ್ನೋ ಹಳೇ ಬ್ರಿಟಿಷ್ ಪ್ರಯಾಣಿಕ ಹಡಗಿನ ಈ ಕಿಟ್ ತರಿಸಿ ಕೊಟ್ಟಳು. ಪ್ಲಾಸ್ಟಿಕ್ ಗಟ್ಟಿ, ನಾಲ್ಕು ಹೊಗೆಕೊಳವೆ ನುಣ್ಣಗಿವೆ. ಅಂಟು ಮಾತ್ರ ದಂಡ. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಟ್ಯೂಬಿನಲ್ಲೇ ಗಟ್ಟಿಯಾಯಿತು.

ಹೆಚ್ಚು ಹೊತ್ತು ಹಿಡಿದದ್ದು ಜೀವರಕ್ಷಕ ದೋಣಿಗಳು. ನಿಜವಾದ ಹಡಗಿನಲ್ಲಿ 48 ಇದ್ದವು. ಮೊದಲನೇ ಮಹಾಯುದ್ಧದಲ್ಲಿ, 1915ರ ಮೇ 7ರಂದು ಐರ್ಲೆಂಡ್ ಹತ್ತಿರ ಜರ್ಮನ್ ಜಲಾಂತರ್ಗಾಮಿ ಯು-20 ಟಾರ್ಪಿಡೊ ಹೊಡೆದಾಗ ನೆಟ್ಟಗೆ ನೀರಿಗಿಳಿದದ್ದು ಬರೀ ಆರು! ಹಡಗು ಬಲಕ್ಕೆ ವಾಲಿ, ಎಡಗಡೆಯ ದೋಣಿಗಳು ಒಳಕ್ಕೇ ತೂಗಿದವು. ಆ ದೋಣಿಗಳನ್ನು ಅಂಟಿಸುವಾಗ ನನ್ನ ಚಿಮುಟ ನಡುಗಿತು.

ಡಬ್ಬಿಯಲ್ಲಿ ಒಬ್ಬ ಪ್ರಯಾಣಿಕನ ಗೊಂಬೆಯೂ ಇಲ್ಲ. ಅದೇ ನನ್ನ ದೊಡ್ಡ ದೂರು. ನಿಜವಾದ ಹಡಗಿನ ಎರಡನೇ ದರ್ಜೆಯಲ್ಲಿ ಜಾಗಕ್ಕಿಂತ ಜನ ಜಾಸ್ತಿ ಇದ್ದರು. ಟಾರ್ಪಿಡೊ ಬಡಿದಾಗ ಮಧ್ಯಾಹ್ನ ಎರಡು ದಾಟಿತ್ತು, ಎಷ್ಟೋ ಜನ ಇನ್ನೂ ಊಟದಲ್ಲಿದ್ದರು. ಮುಳುಗಲು ಹಿಡಿದದ್ದು 18 ನಿಮಿಷ. ಒಂದು ಜುಬ್ಬಾಕ್ಕೆ ಕಾಜ ಹಾಕುವಷ್ಟು ಹೊತ್ತು, ಅಲ್ವಾ? ಕೋಟ್ಯಧಿಪತಿ ಆಲ್‌ಫ್ರೆಡ್ ವಾಂಡರ್‌ಬಿಲ್ಟ್‌ಗೆ ಈಜು ಬರುತ್ತಿರಲಿಲ್ಲ. ಆದರೂ ತನ್ನ ಲೈಫ್ ಜಾಕೆಟ್ ಇನ್ನೊಬ್ಬರಿಗೆ ಕೊಟ್ಟ ಅಂತ ಉಳಿದು ಬಂದವರು ಹೇಳಿದ್ದಾರೆ. ಎಷ್ಟೋ ಜನ ಜಾಕೆಟ್ಟನ್ನು ತಪ್ಪಾಗಿ ತೊಟ್ಟಿದ್ದರಂತೆ. ತೊಡುವುದು ಹೇಗೆಂದು ಮೊದಲೇ ಯಾರಾದರೂ ಕಲಿಸಬೇಕಿತ್ತು. ದರ್ಜಿಯಾಗಿ ನನಗೆ ಅದೇ ಜಾಸ್ತಿ ಚುಚ್ಚಿತು. ಸತ್ತವರು ಸುಮಾರು 1,200.

ಐದರಲ್ಲಿ ನಾಲ್ಕು ಕೊಡುತ್ತೇನೆ. ಬಣ್ಣ, ಅಂಟು ಬೇರೆ ತಗೊಳ್ಳಿ. ಹಗ್ಗಕ್ಕೆ ಅವರು ಕೊಟ್ಟ ದಾರ ಬೇಡ, 60 ನಂಬರಿನ ಹೊಲಿಗೆ ದಾರ ಸಾಕು.