ವಿಎಂ ಒಳಗಿನ ಹೋಮ್ ಅಸಿಸ್ಟೆಂಟ್‌ಗೆ ಯಾವ ನೆಟ್‌ವರ್ಕ್? ನ್ಯಾಟ್, ಬ್ರಿಜ್, ಮ್ಯಾಕ್‌ವಿಟ್ಯಾಪ್ ಬಳಸಿ ನೋಡಿದ ಮೇಲೆ

ಮನೆಯ ಸ್ಮಾರ್ಟ್ ಸಾಮಾನುಗಳನ್ನೆಲ್ಲ ಒಂದೇ ಕಡೆಯಿಂದ ನಡೆಸುವ ಸಾಫ್ಟ್‌ವೇರ್ ಹೋಮ್ ಅಸಿಸ್ಟೆಂಟ್. ಅದನ್ನು ವರ್ಚುವಲ್ ಮಶೀನ್‌ನಲ್ಲಿ (ವಿಎಂ, ಅಂದರೆ ಕಂಪ್ಯೂಟರಿನೊಳಗೆ ಓಡುವ ಇನ್ನೊಂದು ಕಂಪ್ಯೂಟರ್) ಹಾಕುವುದು ಕಷ್ಟವೇನಲ್ಲ. ಇಮೇಜ್ ಇಳಿಸಿಕೊಳ್ಳಿ. 2 ಜಿಬಿ ರ್‍ಯಾಮ್, ಎರಡು ಕೋರ್, 32 ಜಿಬಿ ಡಿಸ್ಕ್ ಕೊಡಿ. ಇಎಫ್‌ಐ (ಬೂಟ್ ಆಗುವ ರೀತಿ) ಆನ್ ಮಾಡಿ. ಅಷ್ಟಾದರೆ ಅದು ಎದ್ದು ಕೂರುತ್ತದೆ. ತಲೆನೋವು ಶುರುವಾಗುವುದು ನೆಟ್‌ವರ್ಕ್ ಅಂತ ಬರೆದಿರುವ ಟ್ಯಾಬ್‌ನಲ್ಲಿ. ಅಲ್ಲಿರುವ ಆಯ್ಕೆಗಳೆಲ್ಲ ಮೇಲ್ನೋಟಕ್ಕೆ ಒಂದೇ ಥರ ಕಾಣುತ್ತವೆ, ಯಾವುದನ್ನು ಒತ್ತಿದರೂ ಇಂಟರ್ನೆಟ್ ಬರುತ್ತದೆ. ಆದರೆ ಮನೆಯ ದೀಪ, ಸ್ಪೀಕರ್, ಸೆನ್ಸರ್ ಸಿಗುತ್ತವೋ ಇಲ್ಲವೋ ಅನ್ನುವುದು ಆ ಒಂದು ಆಯ್ಕೆಯ ಮೇಲೇ ನಿಂತಿದೆ. ಪುಣೆಯ ಚಿಂಚವಡದ ನಮ್ಮ ಫ್ಲಾಟ್‌ನಲ್ಲಿ ಇವನ್ನೆಲ್ಲ ಬಳಸಿ ನೋಡಿದ್ದೇನೆ. ಅದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಮನೆಯಲ್ಲಿ ಏನೇನಿದೆ ಹೇಳಿಬಿಡುತ್ತೇನೆ. ಹಾಲ್‌ನಲ್ಲಿ ಒಂದು ಗೂಗಲ್ ಸ್ಪೀಕರ್. ಬಾಲ್ಕನಿ ದೀಪಕ್ಕೆ ಶೆಲ್ಲಿ ಕಂಪನಿಯ ಮೊದಲ ಪೀಳಿಗೆಯ ರಿಲೇ (ವೈಫೈ ಸ್ವಿಚ್). ಸೊಸೈಟಿಯ ನೀರಿನ ಪೈಪಿಗೆ ಹಚ್ಚಿದ, ಇಎಸ್‌ಪಿಹೋಮ್ ಅನ್ನುವ ಸಾಫ್ಟ್‌ವೇರ್ ತುಂಬಿದ ಒಂದು ಸಣ್ಣ ಸೆನ್ಸರ್ ಬೋರ್ಡ್. ನೀರು ಬಿಟ್ಟ ಕೂಡಲೇ ಸ್ಪೀಕರ್ ಕನ್ನಡದಲ್ಲಿ "ನೀರು ಬಂತು" ಅನ್ನಬೇಕು. ಅವ್ವನಿಗೆ ಬೇಕಾಗಿದ್ದು ಇದೊಂದೇ, ನನಗೂ ಇದೇ ಪರೀಕ್ಷೆ.

ಈ ಸಾಮಾನುಗಳು ಒಂದನ್ನೊಂದು ಹುಡುಕುವುದು ಮಲ್ಟಿಕಾಸ್ಟ್ ಮೂಲಕ, ಅಂದರೆ ಕೇಳುವವರಿಗೆಲ್ಲ ಒಟ್ಟಿಗೇ ಕೂಗಿ. ಆ ಕೂಗಿನಲ್ಲಿ ಎರಡು ಬಗೆ ಇಲ್ಲಿ ಮುಖ್ಯ. ಸ್ಪೀಕರ್, ಇಎಸ್‌ಪಿಹೋಮ್ ಬೋರ್ಡ್ ಬಳಸುವುದು ಎಂಡಿಎನ್‌ಎಸ್: 224.0.0.251 ವಿಳಾಸ, ಯುಡಿಪಿ ಪೋರ್ಟ್ 5353. ಎಷ್ಟೋ ಟಿವಿಗಳು ಬಳಸುವುದು ಎಸ್‌ಎಸ್‌ಡಿಪಿ: 239.255.255.250, ಪೋರ್ಟ್ 1900. ಎಂಡಿಎನ್‌ಎಸ್ ಕೂಗು ಒಂದೇ ನೆಟ್‌ವರ್ಕ್‌ನ ಒಳಗೇ ಉಳಿಯಬೇಕು ಅಂತಲೇ ಮಾಡಿರುವುದು, ರೂಟರ್ ದಾಟುವುದಿಲ್ಲ. ಎಸ್‌ಎಸ್‌ಡಿಪಿಯನ್ನೂ ಮನೆಯ ರೂಟರ್‌ಗಳು ಸಾಮಾನ್ಯವಾಗಿ ಆಚೆ ಬಿಡುವುದಿಲ್ಲ. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ವಿಎಂಗೆ ಮನೆಯ ನೆಟ್‌ವರ್ಕ್‌ನಲ್ಲಿ ಸ್ವಂತ ಜಾಗ ಇದೆಯಾ?

ನ್ಯಾಟ್‌ನಲ್ಲಿ ಇಲ್ಲ. ಅಲ್ಲಿ ವಿಎಂ ಹೋಸ್ಟಿನ (ತಾನು ಓಡುವ ಅಸಲಿ ಕಂಪ್ಯೂಟರಿನ) ಐಪಿ ಹಿಂದೆ ಅಡಗಿರುತ್ತದೆ. ವಿಎಂ ಓಡಿಸುವ ವರ್ಚುವಲ್‌ಬಾಕ್ಸ್ ಸಾಫ್ಟ್‌ವೇರ್ ತಾನಾಗಿಯೇ ಕೊಡುವುದು ಇದನ್ನೇ. ಒಳಗೆ ಹೋಗಿ ಐಪಿ ನೋಡಿದರೆ 10.0.2.15 ಅಂತಿರುತ್ತದೆ. ವಿಎಂ ಗೇಟು ಹಾಕಿದ ಸೊಸೈಟಿಯೊಳಗೆ ಇದ್ದ ಹಾಗೆ. ತಾನು ಹೊರಗೆ ಹೋಗಬಹುದು, ಹೊರಗಿನವರು ಬರಬೇಕಾದರೆ ಮಾತ್ರ ಗೇಟಿನಲ್ಲಿ ಮೊದಲೇ ಹೆಸರು ಬರೆಸಿರಬೇಕು. ಹೋಮ್ ಅಸಿಸ್ಟೆಂಟ್ ಪುಟ ತೆರೆಯುವ ಪೋರ್ಟ್ 8123 ಅನ್ನು ಹೋಸ್ಟಿನಿಂದ ವಿಎಂಗೆ ಫಾರ್ವರ್ಡ್ ಮಾಡಿದೆ, ಬ್ರೌಸರ್‌ನಲ್ಲಿ ಪುಟ ಚೆನ್ನಾಗಿಯೇ ತೆರೆಯಿತು. ಆದರೆ ತಾನಾಗಿ ಒಂದು ಸಾಮಾನೂ ಸಿಗಲಿಲ್ಲ. ಇಎಸ್‌ಪಿಹೋಮ್ ಬೋರ್ಡಿನ ಐಪಿ ಕೈಯಿಂದ ಬರೆದೆ, ಅದು ಬಂತು. ಸ್ಪೀಕರಿನ ಐಪಿಯನ್ನೂ ಬರೆದೆ, ಅದೂ ಪಟ್ಟಿಯಲ್ಲಿ ಕಾಣಿಸಿತು.

ಆಮೇಲೆ ನಡೆದದ್ದು ನೋಡಿ. ನೀರು ಬಂತು. ಸ್ಪೀಕರ್ "ಟುಣ್" ಅಂತ ಒಂದು ಸದ್ದು ಮಾಡಿ ಸುಮ್ಮನಾಯಿತು. ಮಾತೇ ಇಲ್ಲ. ಯಾಕೆಂದರೆ ಹೋಮ್ ಅಸಿಸ್ಟೆಂಟ್ ಮಾತನ್ನು ನೇರವಾಗಿ ಸ್ಪೀಕರಿಗೆ ತುರುಕುವುದಿಲ್ಲ. "ಈ ವಿಳಾಸದಲ್ಲಿ ಆಡಿಯೋ ಫೈಲ್ ಇದೆ, ತಗೊಂಡು ನುಡಿಸು" ಅನ್ನುತ್ತದೆ. ಅದು ಕೊಟ್ಟ ವಿಳಾಸ 10.0.2.15. ಮನೆಯಲ್ಲಿ ಬೇರೆ ಯಾರಿಗೂ ಆ ವಿಳಾಸ ಗೊತ್ತಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಒಳ ಯುಆರ್‌ಎಲ್ ಜಾಗದಲ್ಲಿ ಹೋಸ್ಟ್ ಕಂಪ್ಯೂಟರಿನ ಐಪಿ ಬರೆದ ಮೇಲೆ ಮಾತು ಬಂತು. ಶೆಲ್ಲಿ ರಿಲೇ ತನ್ನ ಸ್ಥಿತಿಯನ್ನು ತಾನೇ ಕಳಿಸುತ್ತದೆ, ಅದಕ್ಕೆ ಯುಡಿಪಿ 5683 ಬೇರೆ ಫಾರ್ವರ್ಡ್ ಮಾಡಬೇಕು. ಹೀಗೆ ಪ್ರತಿ ಹೊಸ ಸಾಮಾನಿಗೂ ಒಂದೊಂದು ತೇಪೆ. ಮ್ಯಾಟರ್ ಅನ್ನುವ ಸ್ಮಾರ್ಟ್‌ಹೋಮ್ ಮಾನದಂಡದ ಸಾಮಾನುಗಳಿಗೆ ಐಪಿವಿ6 ಮಲ್ಟಿಕಾಸ್ಟೇ ಬೇಕು, ಅಲ್ಲಿ ತೇಪೆಯೂ ಕೆಲಸ ಮಾಡುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಹೋಮ್ ಅಸಿಸ್ಟೆಂಟ್ ಹೇಗಿದೆ ಅಂತ ಸುಮ್ನೆ ನೋಡುವವರಿಗೆ ನ್ಯಾಟ್ ಸಾಕು, ಮನೆ ನಡೆಸಲು ಸಾಲದು. ವಿಂಡೋಸ್‌ನ ಹೈಪರ್-ವಿಯಲ್ಲಿ ವಿಎಂ ಓಡಿಸುವವರಿಗೂ ಇದೇ ಮಾತು. ಅದರ ಡಿಫಾಲ್ಟ್ ಸ್ವಿಚ್ ಕೂಡ ನ್ಯಾಟೇ, ಮೇಲಾಗಿ ಕಂಪ್ಯೂಟರ್ ರೀಸ್ಟಾರ್ಟ್ ಆದರೆ ಅದರ ಐಪಿ ಸಾಲೇ ಬದಲಾಗಬಹುದು. ಅಲ್ಲಿ ಎಕ್ಸ್‌ಟರ್ನಲ್ ಸ್ವಿಚ್ (ಬ್ರಿಜ್‌ನಂಥದ್ದೇ) ಮಾಡಿಕೊಳ್ಳಬೇಕು.

ಬ್ರಿಜ್ ಅಂದರೆ ವಿಎಂ ಅನ್ನು ನೇರವಾಗಿ ಮನೆಯ ನೆಟ್‌ವರ್ಕ್‌ಗೇ ಸೇರಿಸುವುದು. ಅದನ್ನು ವೈಫೈ ಮೇಲೆ ಮಾಡಿ ನೋಡಿದ್ದು ಕೆಳಗಿನ ಮನೆಯ ಕಾಕಾ ಕೇಳಿದ್ದಕ್ಕೆ. ಅವರು ಬೆಳಗಾವಿಯವರು, ಲ್ಯಾಪ್‌ಟಾಪ್ ತಂದು ಮುಂದಿಟ್ಟು "ತಮ್ಮಾ, ನನಗೂ ಇದರಾಗ ಹಾಕಿ ಕೊಡು" ಅಂದರು. ವರ್ಚುವಲ್‌ಬಾಕ್ಸ್‌ನಲ್ಲಿ ವೈಫೈ ಕಾರ್ಡ್ ಆರಿಸಿ ಬ್ರಿಜ್ ಕೊಟ್ಟೆ. ವಿಎಂಗೆ 192.168.1 ಸಾಲಿನ ಐಪಿ ಬಂತು, ಸಾಮಾನುಗಳೂ ಕಾಣಿಸಿದವು. ಆದರೆ ನಿಲ್ಲಲಿಲ್ಲ. ಬೆಳಗ್ಗೆ ಕಂಡ ಸ್ಪೀಕರ್ ಮಧ್ಯಾಹ್ನ ಮಾಯ, ಸಂಜೆ ಮತ್ತೆ ಹಾಜರ್. ಕಾರಣ ವೈಫೈಯ ನಿಯಮದಲ್ಲೇ ಇದೆ. ತನ್ನ ಹತ್ತಿರ ಪಾಸ್‌ವರ್ಡ್ ಕೊಟ್ಟು ಸೇರಿದ ಮ್ಯಾಕ್ ವಿಳಾಸದಿಂದ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಬಂದದ್ದನ್ನು ಮಾತ್ರ ವೈಫೈ ಕೊಡುವ ಆಕ್ಸೆಸ್ ಪಾಯಿಂಟ್ ಒಪ್ಪುತ್ತದೆ. ವಿಎಂನ ಮ್ಯಾಕ್ ಬೇರೆ, ಅದು ಸೇರಿಯೇ ಇಲ್ಲ. ಅದಕ್ಕೆ ವರ್ಚುವಲ್‌ಬಾಕ್ಸ್ ದಾರಿಯಲ್ಲಿ ವಿಎಂನ ಮ್ಯಾಕ್ ಅಳಿಸಿ ಲ್ಯಾಪ್‌ಟಾಪಿನ ಮ್ಯಾಕ್ ಬರೆಯುತ್ತದೆ. ರೂಟರಿನ ಎಆರ್‌ಪಿ ಪಟ್ಟಿ (ಯಾವ ಐಪಿಗೆ ಯಾವ ಮ್ಯಾಕ್ ಅನ್ನುವ ಪಟ್ಟಿ) ತೆಗೆದರೆ ಎರಡು ಐಪಿಯ ಮುಂದೆ ಒಂದೇ ಮ್ಯಾಕ್ ಕಾಣುತ್ತದೆ. ಲಿನಕ್ಸ್‌ನ ಮಾಮೂಲಿ ಬ್ರಿಜ್ ಅಂತೂ ವೈಫೈ ಕಾರ್ಡನ್ನು ಸೇರಿಸಿಕೊಳ್ಳಲೇ ಒಪ್ಪುವುದಿಲ್ಲ. ಅದಕ್ಕೆ 4 ವಿಳಾಸದ ಮೋಡ್ ಬೇಕು, ರೂಟರೂ ಅದನ್ನು ಬೆಂಬಲಿಸಬೇಕು. ಕಾಕಾಗೆ ನೇರವಾಗಿ ಹೇಳಿದೆ: "ಕಾಕಾ, ಒಂದು ವೈರ್ ಎಳೀಬೇಕಾಗ್ತದ್ರೀ." ಬುಧವಾರ ಪೇಠೆಯ ತಾಪಕೀರ್ ಗಲ್ಲಿಯಿಂದ ಕ್ಯಾಟ್ 6 ಕೇಬಲ್ ತಂದು ರೂಟರಿಗೆ ಸೇರಿಸಿದ ಮೇಲೆ ಅವರ ಮನೆಯ ಸ್ಪೀಕರ್ ಮಾಯವಾಗುವುದು ನಿಂತಿತು.

ಹಾಗಾಗಿ ನನ್ನ ಮತ ವೈರ್ ಮೇಲಿನ ಬ್ರಿಜ್‌ಗೆ. ನಮ್ಮ ಮನೆಯಲ್ಲಿ ಈಗ ಇರುವುದೂ ಅದೇ. ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ, ಅದರ ಮೇಲೆ ವಿಎಂ ಓಡಿಸುವ ಪ್ರಾಕ್ಸ್‌ಮಾಕ್ಸ್. ಇನ್‌ಸ್ಟಾಲ್ ಮಾಡುವಾಗಲೇ ಅದು ವಿಎಂಬಿಆರ್0 ಅನ್ನುವ ಬ್ರಿಜ್ ಕಟ್ಟಿಕೊಡುತ್ತದೆ. ವಿಎಂಗೆ ವರ್ಟಿಐಒ ಬಗೆಯ ವರ್ಚುವಲ್ ನೆಟ್‌ವರ್ಕ್ ಕಾರ್ಡ್ ಕೊಟ್ಟು ಆ ಬ್ರಿಜ್‌ಗೆ ಹಚ್ಚಿದರೆ, ರೂಟರಿನ ಕಣ್ಣಿಗೆ ಅದು ಬೇರೆಯೇ ಒಂದು ಕಂಪ್ಯೂಟರ್. ಮ್ಯಾಕ್ ಬದಲಾಗುವುದಿಲ್ಲ, ಆದ್ದರಿಂದ ರೂಟರಿನಲ್ಲೇ, ಐಪಿ ಹಂಚುವ ಡಿಎಚ್‌ಸಿಪಿಯಲ್ಲಿ, ಈ ಮ್ಯಾಕ್‌ಗೆ ಇದೇ ಐಪಿ ಅಂತ ರಿಸರ್ವೇಶನ್ ಮಾಡಿ ಐಪಿ ಗಟ್ಟಿ ಮಾಡಿದೆ. ಇದನ್ನು ವಿಎಂ ಒಳಗೆ ಮಾಡುವುದಕ್ಕಿಂತ ರೂಟರಿನಲ್ಲಿ ಮಾಡುವುದು ಒಳ್ಳೆಯದು. ನಾಳೆ ಬ್ಯಾಕಪ್‌ನಿಂದ ಹೊಸ ವಿಎಂ ಕಟ್ಟಿದರೂ ಅದೇ ಮ್ಯಾಕ್ ಕೊಟ್ಟರೆ ಆಯಿತು. ಮೊದಲ ಸಲ ಆನ್ ಮಾಡಿದಾಗ ಸ್ಪೀಕರ್, ಬೋರ್ಡ್, ರಿಲೇ ಮೂರೂ ಕೇಳದೆಯೇ ಪಟ್ಟಿಗೆ ಬಂದವು. ಆ ಕ್ಷಣದ ಖುಷಿಯೇ ಬೇರೆ.

ಬ್ರಿಜ್ ಸರಿಯಿದ್ದೂ ಸಾಮಾನು ಕಾಣದಿದ್ದರೆ ವಿಎಂ ಬಿಟ್ಟು ರೂಟರ್ ಕಡೆ ನೋಡಿ. ನಮ್ಮಲ್ಲಿ ತುಂಬ ಮನೆಗಳಲ್ಲಿ ಫೈಬರ್ ಕಂಪನಿ ಕೊಟ್ಟ ಡಬ್ಬಿಯೇ ವೈಫೈ ಕೊಡುತ್ತದೆ. ಸಿಗ್ನಲ್ ಬೆಡ್‌ರೂಮಿಗೆ ಸಾಲದು ಅಂತ ಜನ ಇನ್ನೊಂದು ರೂಟರ್ ತಂದು, ಅದರ ವ್ಯಾನ್ (ಇಂಟರ್ನೆಟ್ ಒಳಬರುವ) ಪೋರ್ಟಿಗೆ ವೈರ್ ಚುಚ್ಚುತ್ತಾರೆ. ಆಗ ಮನೆಯೊಳಗೆ ಎರಡು ನೆಟ್‌ವರ್ಕ್ ಆಗುತ್ತವೆ. ಸರ್ವರ್ ಹೊಸ ರೂಟರಿನ ಕೆಳಗೆ, ಬಲ್ಬು ಹಳೆ ಡಬ್ಬಿಯ ವೈಫೈಯಲ್ಲಿ. ನಡುವೆ ಮತ್ತದೇ ನ್ಯಾಟ್. ಎರಡನೆಯ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ. ಆ ಮೋಡ್ ಇಲ್ಲದಿದ್ದರೆ ಅದರ ಡಿಎಚ್‌ಸಿಪಿ ಆಫ್ ಮಾಡಿ, ಮೊದಲ ಡಬ್ಬಿಯದಲ್ಲದ ಐಪಿ ಕೊಟ್ಟು, ವೈರನ್ನು ಲ್ಯಾನ್ ಪೋರ್ಟಿಗೆ ಹಾಕಿ. ಎಪಿ ಐಸೊಲೇಶನ್ (ವೈಫೈ ಸಾಮಾನುಗಳು ಒಂದಕ್ಕೊಂದು ಕಾಣದಂತೆ ಮಾಡುವ ಸೆಟ್ಟಿಂಗ್) ಆನ್ ಇದ್ದರೆ ಆಫ್ ಮಾಡಿ. ಗೆಸ್ಟ್ ವೈಫೈಗೆ ಬಲ್ಬು ಸೇರಿಸಿದ್ದರೆ ಅದೂ ಸರ್ವರಿಗೆ ಕಾಣುವುದಿಲ್ಲ.

ಇನ್ನೊಂದು ಎಚ್ಚರಿಕೆ. ಪಿಸಿಗೆ ಹೊಸ ಪಿಸಿಐ ಕಾರ್ಡ್ ಹಾಕಿದರೆ ನೆಟ್‌ವರ್ಕ್ ಪೋರ್ಟಿನ ಹೆಸರು ಬದಲಾಗಬಹುದು. ಬ್ರಿಜ್ ಹಳೆ ಹೆಸರನ್ನೇ ಹುಡುಕುತ್ತಾ ಕೂರುತ್ತದೆ, ಹೋಸ್ಟೂ ವಿಎಂ ಎರಡೂ ಕೈಗೆ ಸಿಗುವುದಿಲ್ಲ. ಮಾನಿಟರ್, ಕೀಬೋರ್ಡ್ ಹಚ್ಚಿಯೇ ಸರಿ ಮಾಡಬೇಕು.

ಮ್ಯಾಕ್‌ವಿಟ್ಯಾಪ್, ಅಂದರೆ ಲಿನಕ್ಸ್‌ನಲ್ಲಿ ವಿಎಂ ಅನ್ನು ನೇರವಾಗಿ ಹೋಸ್ಟಿನ ನೆಟ್‌ವರ್ಕ್ ಪೋರ್ಟಿಗೆ ಹಚ್ಚುವ ದಾರಿ, ನನಗೆ ಇಷ್ಟವಾದ ಎರಡನೆಯ ಆಯ್ಕೆ. ಉಬುಂಟು ಹಾಕಿದ ಪಿಸಿಯಲ್ಲಿ ವಿಎಂ ನೋಡಿಕೊಳ್ಳುವ ವರ್ಟ್-ಮ್ಯಾನೇಜರ್ ಇದ್ದರೆ ಬ್ರಿಜ್ ಕಟ್ಟುವ ಗೊಡವೆಯೇ ಬೇಡ. ಕಾರ್ಡಿನ ಜಾಗದಲ್ಲಿ ಮ್ಯಾಕ್‌ವಿಟ್ಯಾಪ್ ಆರಿಸಿ, ವೈರಿನ ಪೋರ್ಟ್ ಹೆಸರು ಬರೆದರೆ ಮುಗಿಯಿತು. ಹೋಸ್ಟಿನ ನೆಟ್‌ವರ್ಕ್ ಸೆಟ್ಟಿಂಗ್ ಮುಟ್ಟುವುದೇ ಇಲ್ಲ, ಆದ್ದರಿಂದ ಏನೂ ಕೆಡುವ ಭಯವಿಲ್ಲ. ಸಾಮಾನುಗಳೆಲ್ಲ ಬ್ರಿಜ್‌ನಷ್ಟೇ ಚೆನ್ನಾಗಿ ಸಿಕ್ಕವು. ನನಗೆ ಕಂಡ ಕೊರತೆ: ಹೋಸ್ಟಿಗೂ ವಿಎಂಗೂ ಮಾತುಕತೆ ಇಲ್ಲ. ಮೊಬೈಲಿನಲ್ಲಿ ಪುಟ ತೆರೆಯುತ್ತದೆ, ಅದೇ ಪಿಸಿಯ ಬ್ರೌಸರಿನಲ್ಲಿ ತೆರೆಯುವುದಿಲ್ಲ. ಕೆಟ್ಟಿದೆ ಅಂದುಕೊಳ್ಳಬೇಡಿ, ಅದು ಕೆಲಸ ಮಾಡುವ ರೀತಿಯೇ ಹಾಗೆ. ಆದರೆ ಎಂಕ್ಯೂಟಿಟಿ ಬ್ರೋಕರೋ (ಸಾಮಾನುಗಳ ಸಂದೇಶ ಹಂಚುವ ಸಾಫ್ಟ್‌ವೇರ್) ಕ್ಯಾಮೆರಾ ರೆಕಾರ್ಡಿಂಗೋ ಹೋಸ್ಟಿನ ಮೇಲೇ ಇದ್ದರೆ ಇದು ದೊಡ್ಡ ಅಡ್ಡಿ. ವಿಎಂಗೆ ಎರಡನೇ ಕಾರ್ಡ್ ಕೊಟ್ಟು 192.168.122 ಸಾಲಿನ ಡಿಫಾಲ್ಟ್ ನೆಟ್‌ವರ್ಕ್‌ಗೆ ಹಚ್ಚಿದರೆ ಆ ದಾರಿಯಲ್ಲಿ ಮಾತಾಡಬಹುದು. ಹೋಸ್ಟಿನಲ್ಲಿ ಬೇರೇನೂ ಓಡಿಸದವರು ಇದನ್ನು ಆರಿಸಬಹುದು.

ವಿಲ್ಯಾನ್ (ಒಂದೇ ವೈರಿನ ಮೇಲೆ ಬೇರೆ ಬೇರೆ ನೆಟ್‌ವರ್ಕ್) ಮಾಡಿ ಅಗ್ಗದ ಬಲ್ಬುಗಳನ್ನು ಬೇರೆ ನೆಟ್‌ವರ್ಕ್‌ಗೆ ತಳ್ಳುವುದನ್ನೂ ನೋಡಿದೆ. ಭದ್ರತೆಗೆ ಒಳ್ಳೆಯದೇ. ಆದರೆ ವಿಎಂಗೆ ಎರಡೂ ಕಡೆ ಕಾಲಿರಬೇಕು. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗದಲ್ಲಿ ಎರಡೂ ಅಡಾಪ್ಟರ್ ಟಿಕ್ ಮಾಡಿರಬೇಕು. ಮ್ಯಾನೇಜ್ಡ್ ಸ್ವಿಚ್ ಇಲ್ಲದ ಎರಡು ರೂಮಿನ ಫ್ಲಾಟಿಗೆ ಇದು ಜಾಸ್ತಿಯೇ ಅನ್ನಿಸಿತು.

ಪುಣೆಯಲ್ಲಿ ಗುರುವಾರ ದುರಸ್ತಿಗೆ ಕರೆಂಟ್ ತೆಗೆಯುವ ರೂಢಿ ಇರುವುದರಿಂದ ಇದನ್ನೂ ಹೇಳಬೇಕು. ಪಿಸಿ ಇನ್ವರ್ಟರ್ ಮೇಲಿದ್ದು ರೂಟರ್ ಇಲ್ಲದಿದ್ದರೆ ಯಾವ ಬ್ರಿಜ್ ಇದ್ದೂ ಪ್ರಯೋಜನವಿಲ್ಲ, ವೈಫೈ ಸಾಮಾನುಗಳೆಲ್ಲ ಹೋಗುತ್ತವೆ. ವೈಫೈ ಬಳಸದ ಜಿಗ್‌ಬೀ ಸೆನ್ಸರ್‌ಗಳ ಡಾಂಗಲನ್ನು ಯುಎಸ್‌ಬಿ ಪಾಸ್‌ಥ್ರೂ ಮಾಡಿ ವಿಎಂಗೆ ಕೊಟ್ಟರೆ ಆ ದಾರಿಗೆ ಈ ನೆಟ್‌ವರ್ಕಿನ ಹಂಗೇ ಇಲ್ಲ. ರೂಟರ್ ಸತ್ತಾಗಲೂ ನಮ್ಮ ಬಾತ್‌ರೂಮಿನ ಬ್ಯಾಟರಿಯ ಜಿಗ್‌ಬೀ ಸೆನ್ಸರ್ ಸುದ್ದಿ ಕಳಿಸುತ್ತಲೇ ಇರುತ್ತದೆ.

ಊರಿಗೆ ಹೋದಾಗ ಹೊರಗಿನಿಂದ ನೋಡುವುದು ಬೇರೆಯೇ ವಿಷಯ, ಮೇಲಿನ ಯಾವ ಆಯ್ಕೆಯೂ ಅದನ್ನು ಬಿಡಿಸುವುದಿಲ್ಲ. ರೂಟರಿನ ವ್ಯಾನ್ ಐಪಿ 100.64ರಿಂದ 100.127ರ ನಡುವೆ ಇದ್ದರೆ ಕಂಪನಿಯವರೂ ನಿಮ್ಮನ್ನು ತಮ್ಮ ನ್ಯಾಟ್ ಹಿಂದೆ ಇಟ್ಟಿದ್ದಾರೆ ಅಂತರ್ಥ. ಆಗ ಪೋರ್ಟ್ ಫಾರ್ವರ್ಡ್ ಎಷ್ಟು ಮಾಡಿದರೂ ತಲುಪುವುದಿಲ್ಲ. ಬ್ರಿಜ್‌ನಲ್ಲಿರುವ ವಿಎಂ ಒಳಗೇ ಟೇಲ್‌ಸ್ಕೇಲ್ (ಹೊರಗಿನಿಂದ ಮನೆಗೆ ಖಾಸಗಿ ದಾರಿ ಮಾಡಿಕೊಡುವ ವಿಪಿಎನ್) ಹಾಕಿದ್ದೇನೆ. ಧಾರವಾಡದಿಂದ ಮೊಬೈಲಿನಲ್ಲೇ ಬಾಲ್ಕನಿ ದೀಪ ಹಾಕುತ್ತೇನೆ. 8123 ಅನ್ನು ಹೊರಗಿನ ಇಂಟರ್ನೆಟ್‌ಗೆ ತೆರೆಯುವ ಅಗತ್ಯವೇ ಬಿದ್ದಿಲ್ಲ.