ಬಾಣಂತನಕ್ಕೆ ಬ್ಯಾಂಕಾಕಿಗೆ ಹೋದವಳು ಕಂಡ ಮೂರು ದಾರಿ: ಚೇಂಗ್ ವತ್ತನ, ನೊಂಗ್ ಖಾಯ್, ಪಡಾಂಗ್ ಬೆಸಾರ್

ಮಗಳ ಬಾಣಂತನಕ್ಕೆ ಅಂತ ನಾನು ಬ್ಯಾಂಕಾಕಿನಲ್ಲಿ ಇಳಿದದ್ದು 2024ರ ಆಗಸ್ಟ್ 18ರಂದು. ಅದೇ ಜುಲೈ 15ರಿಂದ ನಮ್ಮ ಪಾಸ್‌ಪೋರ್ಟಿನವರಿಗೆ ವೀಸಾ ಇಲ್ಲದೆ 60 ದಿನ ಇರಲು ಥಾಯ್ಲೆಂಡ್ ಬಿಡಲು ಶುರು ಮಾಡಿತ್ತು. ಕೂಸು ಹುಟ್ಟಿದ್ದು ಸೆಪ್ಟೆಂಬರ್ ಮೊದಲ ವಾರ. ಮಗಳಿಗೆ ಸಿಕ್ಕಿದ್ದು 98 ದಿನದ ಹೆರಿಗೆ ರಜೆ. ಡಿಸೆಂಬರ್ ಮಧ್ಯದಲ್ಲಿ ಅವಳು ಕೆಲಸಕ್ಕೆ ಹೋಗಲೇಬೇಕು. ಬೀಗಿತಿ ಬರುವುದು ಮಾರ್ಚಿಗೆ. ಅಲ್ಲಿಯವರೆಗೆ ಕೂಸಿಗೆ ಎಣ್ಣೆ ನೀರು ಹಾಕುವವರು ಯಾರು? 60 ದಿನ ಯಾವ ಮೂಲೆಗೂ ಸಾಲದು.

ಹಾಗಾಗಿ ಆರೂವರೆ ತಿಂಗಳಲ್ಲಿ ಮೂರು ಸಲ ದಿನ ಹೆಚ್ಚಿಸಿಕೊಂಡೆ. ಒಂದು ಸಲ ಬ್ಯಾಂಕಾಕಿನ ವಲಸೆ ಕಚೇರಿಯಲ್ಲೇ. ಇನ್ನೊಂದು ಸಲ ಲಾವೋಸ್ ಗಡಿ ದಾಟಿ. ಮತ್ತೊಂದು ಸಲ ಮಲೇಶಿಯಾ ಗಡಿ ದಾಟಿ. ಹಾಗೆ ಹೊರಗೆ ಹೋಗಿ ವಾಪಸ್ ಬಂದರೆ ಹೊಸದಾಗಿ 60 ದಿನ ಸಿಗುತ್ತಿತ್ತು. ಬಾಣಂತನಕ್ಕೆ ಹೊರಟಿರುವ ಅಮ್ಮಂದಿರು ನನ್ನನ್ನು ಕೇಳುತ್ತಲೇ ಇರುತ್ತಾರೆ, ಯಾವುದು ಒಳ್ಳೆಯದು ಅಂತ. ಎಲ್ಲರೂ ಮೊದಲು ಕೇಳುವುದು ಖರ್ಚು. ನಾನು ಮೊದಲು ಕೇಳುವುದು ಬೇರೆ: ವಾಪಸ್ ಒಳಗೆ ಬಿಡದಿದ್ದರೆ ನೀವು ಎಲ್ಲಿ ನಿಂತಿರುತ್ತೀರಿ?

ಅದಕ್ಕೂ ಮುಂಚೆ ಲೆಕ್ಕದ ಒಂದು ಮಾತು. ನಾನು ಇಳಿದ ದಿನವೇ ಒಂದನೇ ದಿನ. ಅಳಿಯ ಮಾರನೇ ದಿನದಿಂದ ಎಣಿಸಿ ಅಕ್ಟೋಬರ್ 17 ಅಂತ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದರು. ಪಾಸ್‌ಪೋರ್ಟಿನ ಮುದ್ರೆಯಲ್ಲಿ ಇದ್ದದ್ದು ಅಕ್ಟೋಬರ್ 16. ಒಂದು ದಿನ ಮೀರಿದರೆ 500 ಬಾತ್ ದಂಡ, ಹೀಗೇ ಏರುತ್ತಾ 20,000ದವರೆಗೆ ಹೋಗುತ್ತದೆ. ದಂಡಕ್ಕಿಂತ ಜಾಸ್ತಿ ತೊಂದರೆ ಅಂದರೆ ಮುಂದಿನ ಸಲ ಗಡಿಯಲ್ಲಿ ಆ ದಾಖಲೆ ಕಣ್ಣಿಗೆ ಬೀಳುವುದು. ಬೆರಳಲ್ಲಿ ಎಣಿಸಬೇಡಿ, ಮುದ್ರೆಯಲ್ಲಿರುವ ತಾರೀಖನ್ನೇ ನೋಡಿ.

ಮೊದಲ ದಾರಿ, ಕಚೇರಿ. ಬ್ಯಾಂಕಾಕಿನ ಉತ್ತರಕ್ಕೆ ಚೇಂಗ್ ವತ್ತನ ರಸ್ತೆಯಲ್ಲಿ ದೊಡ್ಡ ಸರ್ಕಾರಿ ಸಂಕೀರ್ಣ ಇದೆ. ಈಗ ಗುಲಾಬಿ ಮಾರ್ಗದ ಮೊನೊರೈಲು ಅಲ್ಲಿಗೇ ಹೋಗುತ್ತದೆ. ಟಿಎಂ 7 ಅನ್ನೋ ಫಾರಂ, 4×6 ಸೆಂಟಿಮೀಟರಿನ ಒಂದು ಫೋಟೊ, ಪಾಸ್‌ಪೋರ್ಟಿನ ಜೆರಾಕ್ಸ್, ನಾವಿರುವ ಮನೆಯ ವಿಳಾಸವನ್ನು ಮಾಲೀಕರು ವರದಿ ಮಾಡಿದ ಟಿಎಂ 30 ರಸೀದಿ, ಮತ್ತೆ 1,900 ಬಾತ್. ಇಷ್ಟಕ್ಕೆ 30 ದಿನ. ನನ್ನ ಹತ್ತಿರ ಇದ್ದದ್ದು ನಮ್ಮೂರಿನ ಪಾಸ್‌ಪೋರ್ಟ್ ಅಳತೆಯ ಫೋಟೊ, ಅದು ನಡೆಯಲಿಲ್ಲ. ಅಲ್ಲೇ ಕೆಳಗಡೆ ಫೋಟೊ ತೆಗೆಸಿ ಮತ್ತೆ ಟೋಕನ್ ತಗೊಂಡೆ. ಮಧ್ಯಾಹ್ನದ ಊಟದ ಬಿಡುವು ಬೇರೆ ಬಂತು. ಇಡೀ ದಿನ ಹೋಯಿತು. ಆದರೆ ಸಂಜೆ ಕೂಸು ಕಣ್ಣು ಬಿಡುವಷ್ಟರಲ್ಲಿ ಮನೆಯಲ್ಲಿದ್ದೆ.

ಬೇಗ ಹೋದರೆ ದಿನ ನಷ್ಟ ಆಗುತ್ತದೆ ಅಂತ ಸುಮಾರು ಜನ ಕೊನೆಯ ದಿನಕ್ಕೆ ಕಾಯುತ್ತಾರೆ. ಹಾಗಿಲ್ಲ. ಹೊಸ 30 ದಿನ ಸೇರುವುದು ಹಳೆಯ ಕೊನೆಯ ತಾರೀಖಿನ ಮುಂದಕ್ಕೆ. ನಾನು ಒಂದು ವಾರ ಮೊದಲೇ ಹೋದೆ, ಸಿಕ್ಕಿದ್ದು ನವೆಂಬರ್ 15ರವರೆಗೆ. ದೇಶದ ಒಳಗೇ ಇದ್ದು ಕೇಳುವುದರಿಂದ ಗಡಿಯಲ್ಲಿ ನಿಂತ ಭಯ ಇಲ್ಲ. ನನ್ನ ಪ್ರಶ್ನೆಗೆ ಈ ದಾರಿಯಷ್ಟು ಒಳ್ಳೆಯ ಉತ್ತರ ಬೇರೆ ಯಾವುದಕ್ಕೂ ಇಲ್ಲ. 60 ಕೂಡಿಸು 30, ತೊಂಬತ್ತು ದಿನದಲ್ಲಿ ಕೆಲಸ ಮುಗಿಯುವವರು ಮುಂದೆ ಓದಬೇಕಾಗಿಯೂ ಇಲ್ಲ.

ಎರಡನೆಯದು ಲಾವೋಸ್. ನವೆಂಬರ್ 12ರ ರಾತ್ರಿ ಬ್ಯಾಂಕಾಕಿನ ಕ್ರುಂಗ್ ಥೆಪ್ ಅಪಿವತ್ ನಿಲ್ದಾಣದಿಂದ ಲಾವೋಸ್ ಗಡಿಯ ಊರು ನೊಂಗ್ ಖಾಯ್‌ಗೆ ಹೋಗುವ ರೈಲು ಹತ್ತಿದೆ. 600 ಕಿಲೋಮೀಟರಿಗೂ ಜಾಸ್ತಿ ದೂರ. ಕೆಳಗಿನ ಬರ್ತಿಗೆ ಹೆಚ್ಚುಕಮ್ಮಿ 1,000 ಬಾತ್. ರೈಲಿನವರೇ ಬಂದು ಸೀಟನ್ನು ಹಾಸಿಗೆ ಮಾಡಿ, ಬಿಳಿ ಹೊದಿಕೆ ಹಾಸಿ, ಪರದೆ ಎಳೆದು ಹೋಗುತ್ತಾರೆ. ಎರಡು ತಿಂಗಳಿಂದ ರಾತ್ರಿ ನಾಲ್ಕು ಸಲ ಎದ್ದು ಅಭ್ಯಾಸವಾಗಿದ್ದ ನನಗೆ ಅವತ್ತು ಸುಖವಾಗಿ ನಿದ್ದೆ ಬಂತು.

ಬೆಳಿಗ್ಗೆ ನಿಲ್ದಾಣದಿಂದ ಆಟೊದವನು ನೇರ ಗಡಿಯ ಸೇತುವೆಗೆ ಹೋಗಲಿಲ್ಲ. ದಾರಿಯಲ್ಲಿ ಒಂದು ಅಂಗಡಿ ಮುಂದೆ ನಿಲ್ಲಿಸಿದ. ಅಲ್ಲಿ ಲಾವೋಸ್ ವೀಸಾ ಫಾರಂ ತುಂಬಿಕೊಡುತ್ತೇವೆ ಅಂತ ಜಾಸ್ತಿ ದುಡ್ಡು ಕೇಳಿದರು. ಅದೇ ಫಾರಂ ಸೇತುವೆಯ ಆಚೆ ಕೌಂಟರಿನಲ್ಲಿ ಸುಮ್ನೆ ಸಿಗುತ್ತದೆ. ಬೇಡ ಅಂತ ಹೇಳಿ ಎದ್ದು ಬನ್ನಿ, ಯಾರೂ ತಡೆಯುವುದಿಲ್ಲ.

ಮೆಕಾಂಗ್ ಮೇಲಿನ ಈ ಸೇತುವೆ 1994ರಲ್ಲಿ ತೆರೆದದ್ದು, ಆಸ್ಟ್ರೇಲಿಯಾ ಕಟ್ಟಿಸಿಕೊಟ್ಟದ್ದು. ನಡೆದು ದಾಟಲು ಬಿಡುವುದಿಲ್ಲ, ಬಸ್ಸಿನಲ್ಲೇ ಹೋಗಬೇಕು. ಈ ಕಡೆ ನಮ್ಮ ಹಾಗೆ ಎಡಗಡೆ ಓಡುವ ಬಸ್ಸು ಆ ಕಡೆ ಬಲಗಡೆಗೆ ಹೊರಳಿಕೊಳ್ಳುತ್ತದೆ. ಲಾವೋಸ್ ವೀಸಾಕ್ಕೆ ನಾನು ಕೊಟ್ಟಿದ್ದು 40 ಡಾಲರ್. ಡಾಲರನ್ನೇ ಒಯ್ಯಿರಿ, ಬಾತಿನಲ್ಲಿ ಕೊಟ್ಟರೆ ಜಾಸ್ತಿ ಬೀಳುತ್ತದೆ. ವೀಸಾ ಚೀಟಿ ಪಾಸ್‌ಪೋರ್ಟಿನ ಒಂದು ಪೂರ್ತಿ ಪುಟ ನುಂಗಿತು. ಪುಟ ಕಡಿಮೆ ಇರುವವರು ಇದನ್ನು ಯೋಚಿಸಬೇಕು.

ಲಾವೋಸ್ ರಾಜಧಾನಿ ವಿಯೆಂಟಿಯಾನಿನಲ್ಲಿ ಒಂದು ರಾತ್ರಿ ಇದ್ದು 14ನೇ ತಾರೀಖು ವಾಪಸ್ ಬಂದೆ. ಥಾಯ್ ಕೌಂಟರಿನಲ್ಲಿದ್ದ ಅಧಿಕಾರಿ ಪಾಸ್‌ಪೋರ್ಟ್ ತಿರುವಿ ತಿರುವಿ ನೋಡಿದರು. ಆಗಸ್ಟಿನಿಂದ ಇಲ್ಲೇ ಇದ್ದೀರಲ್ಲ, ಯಾಕೆ ಅಂದರು. ಮೊಮ್ಮಗನ ಜನನ ಪತ್ರ, ಮಗಳ ಕೆಲಸದ ಪರವಾನಗಿಯ ಪ್ರತಿ, ಬೆಂಗಳೂರಿಗೆ ವಾಪಸ್ ಟಿಕೆಟ್, ಜೊತೆಗೆ 20,000 ಬಾತ್ ನಗದು ಎಲ್ಲ ಒಂದೇ ಲಕೋಟೆಯಲ್ಲಿ ಇಟ್ಟುಕೊಂಡಿದ್ದೆ. ಜನನ ಪತ್ರ ನೋಡಿ ಅವರ ಮುಖ ಸಡಿಲಾಯಿತು. ಮುದ್ರೆ ಬಿತ್ತು, ಜನವರಿ 12ರವರೆಗೆ. ಆದರೆ ಆ ಹತ್ತು ನಿಮಿಷ ನನ್ನ ಕೈ ತಣ್ಣಗಾಗಿತ್ತು. ಬಿಡದಿದ್ದರೆ ನಾನು ವಿಯೆಂಟಿಯಾನಿಗೆ ಮರಳಬೇಕು. ಅಲ್ಲಿಂದ ನಮ್ಮ ದೇಶಕ್ಕೆ ನೇರ ವಿಮಾನ ಇಲ್ಲ, ಗೊತ್ತಿರುವ ಒಂದು ಮನೆ ಇಲ್ಲ, ಯಾರ ಮಾತೂ ತಿಳಿಯದು.

ಆ ಪ್ರವಾಸದಲ್ಲಿ ಒಂದು ಸಿರಿ ಸಿಕ್ಕಿತು, ಅದನ್ನು ಹೇಳದೆ ಇರಲಾರೆ. ನೊಂಗ್ ಖಾಯ್ ಪೇಟೆಯಲ್ಲಿ ಸಬ್ಬಸಿಗೆ ಸೊಪ್ಪು! ಕಟ್ಟುಕಟ್ಟಾಗಿ ಇಟ್ಟಿದ್ದರು. ಥಾಯ್ ಭಾಷೆಯಲ್ಲಿ ಅದಕ್ಕೆ ‘ಫಕ್ ಚೀ ಲಾವ್’, ಅಂದರೆ ಲಾವೋ ಕೊತ್ತಂಬರಿ ಅಂತ ಹೆಸರು. ಬಾಣಂತಿಗೆ ಹಾಲು ಚೆನ್ನಾಗಿ ಬರಲಿ ಅಂತ ನಾವು ಕೊಡುವ ಸೊಪ್ಪು ನಮ್ಮ ಬೀದಿಯ ಸಂತೆಯಲ್ಲಿ ಎರಡು ತಿಂಗಳು ಹುಡುಕಿದರೂ ಸಿಕ್ಕಿರಲಿಲ್ಲ. ಆರು ಕಟ್ಟು ತಂದೆ, ಒದ್ದೆ ಬಟ್ಟೆ ಸುತ್ತಿ. ಮನೆಗೆ ಬಂದವಳೇ ತೊಗರಿಬೇಳೆ ಹಾಕಿ ಸಾರು ಮಾಡಿದೆ.

ಮೂರನೆಯದು ಮಲೇಶಿಯಾ ಗಡಿಯ ಪಡಾಂಗ್ ಬೆಸಾರ್. ಜನವರಿ 9ರಂದು ಥಾಯ್ಲೆಂಡಿನ ದಕ್ಷಿಣದ ಹಾಟ್ ಯಾಯ್‌ವರೆಗೆ ವಿಮಾನ, ಅಲ್ಲಿಂದ 50 ಬಾತಿನ ಪುಟ್ಟ ರೈಲು, ಒಂದು ಗಂಟೆಯೊಳಗೆ ಗಡಿ. ಇದರ ಸೊಗಸು ಏನೆಂದರೆ ಎರಡೂ ದೇಶದ ಕೌಂಟರು ಒಂದೇ ನಿಲ್ದಾಣದ ಒಳಗಿವೆ. ರೈಲಿನಿಂದ ಇಳಿದು ಥಾಯ್ ಮುದ್ರೆ, ನಾಲ್ಕು ಹೆಜ್ಜೆ ಇಟ್ಟರೆ ಮಲೇಶಿಯಾ ಮುದ್ರೆ. ಆಟೊ ಇಲ್ಲ, ಅಂಗಡಿ ಇಲ್ಲ, ಚೌಕಾಸಿ ಇಲ್ಲ. 2023ರ ಡಿಸೆಂಬರ್ 1ರಿಂದ ಮಲೇಶಿಯಾ ನಮಗೆ ವೀಸಾ ಇಲ್ಲದೆ 30 ದಿನ ಕೊಡುತ್ತಿದೆ. ಹೋಗುವ ಮುಂಚೆ ಅವರ ಆನ್‌ಲೈನ್ ಆಗಮನ ಕಾರ್ಡ್ ತುಂಬಿದರೆ ಸಾಕು. ಗಡಿಯಾರ ಮಾತ್ರ ಒಂದು ಗಂಟೆ ಮುಂದೆ ಮಾಡಿಕೊಳ್ಳಿ, ಇಲ್ಲದಿದ್ದರೆ ಮುಂದಿನ ರೈಲು ತಪ್ಪುತ್ತದೆ.

ಅಲ್ಲಿಂದ ಬಟರ್‌ವರ್ತ್, ದೋಣಿ ಹತ್ತಿ ಪೆನಾಂಗಿನ ಜಾರ್ಜ್‌ಟೌನ್. ಮಾರನೇ ದಿನ ವೈಕುಂಠ ಏಕಾದಶಿ. 1833ರಲ್ಲಿ ಕಟ್ಟಿದ ಮಾರಿಯಮ್ಮನ ಗುಡಿಗೆ ಹೋಗಿ ಕೈ ಮುಗಿದೆ. ಸುತ್ತಲೂ ತಮಿಳು. ಬೆಂಗಳೂರಿನಲ್ಲಿ ಮೂವತ್ತು ವರ್ಷ ಇದ್ದವಳಿಗೆ ಅಷ್ಟು ತಮಿಳು ಬಾರದೇ ಇರುತ್ತದಾ? ದ್ವಾದಶಿ ಬೆಳಿಗ್ಗೆ ಬಿಸಿ ಇಡ್ಲಿ ತಿಂದು ಉಪವಾಸ ಬಿಟ್ಟೆ. ಐದು ತಿಂಗಳ ಮೇಲೆ ಬೇರೆಯವರು ಮಾಡಿ ಬಡಿಸಿದ ಇಡ್ಲಿ.

12ರಂದು ಅದೇ ದಾರಿಯಲ್ಲಿ ವಾಪಸ್. ಅದೇ ಲಕೋಟೆ, ಅದೇ ಪ್ರಶ್ನೆ, ಮುದ್ರೆ ಮಾರ್ಚ್ 12ರವರೆಗೆ. ಈ ಸಲ ಕೈ ತಣ್ಣಗಾಗಲಿಲ್ಲ. ಬೇಡ ಅಂದಿದ್ದರೆ ಮಲೇಶಿಯಾದಲ್ಲಿ ಇನ್ನೂ ಮೂರು ವಾರ ಬಾಕಿ ಇತ್ತು, ಕ್ವಾಲಾಲಂಪುರದಿಂದ ಬೆಂಗಳೂರಿಗೆ ನೇರ ವಿಮಾನ ಇತ್ತು.

ದುಡ್ಡೊಂದನ್ನೇ ನೋಡಿದರೆ ಲಾವೋಸ್ ನನಗೆ 5,000 ಬಾತಿನ ಆಸುಪಾಸಿನಲ್ಲಿ ಮುಗಿಯಿತು. ಪೆನಾಂಗ್ ಮೂರು ರಾತ್ರಿ ಸೇರಿ ಅದಕ್ಕಿಂತ ಸುಮಾರು 3,500 ಜಾಸ್ತಿ. ಆದರೂ ಒಬ್ಬಳೇ ಹೋಗುವ ಅಮ್ಮನಿಗೆ ನಾನು ಹೇಳುವುದು ಪಡಾಂಗ್ ಬೆಸಾರೇ. ಲಾವೋಸ್‌ಗೆ ಜೊತೆಗೆ ಯಾರಾದರೂ ಇದ್ದರೆ ಹೋಗಿ. ಕಾಂಬೋಡಿಯಾ ಗಡಿಗೆ ವ್ಯಾನಿನಲ್ಲಿ ಒಂದೇ ದಿನದಲ್ಲಿ ಹೋಗಿಬರುವುದನ್ನು ಆಗ ಪಕ್ಕದ ಮನೆಯವರು ಹೇಳಿದ್ದರು. ನಮಗೆ ಅಲ್ಲಿಗೂ ವೀಸಾ ಬೇಕು, ಹಾಗಾಗಿ ಬಿಟ್ಟೆ. 2025ರ ಜೂನಿನಲ್ಲಿ ಆ ಗಡಿಯೇ ಮುಚ್ಚಿತು, ಜುಲೈಯಲ್ಲಿ ಎರಡು ದೇಶಗಳ ನಡುವೆ ಗುಂಡೂ ಹಾರಿತು.

ನೆಲದ ಗಡಿಯಿಂದ ವೀಸಾ ಇಲ್ಲದೆ ಒಳಗೆ ಬರಲು ವರ್ಷಕ್ಕೆ ಎರಡೇ ಸಲ ಅವಕಾಶ. ವರ್ಷ ಅಂದರೆ ಜನವರಿಯಿಂದ ಡಿಸೆಂಬರ್. ನನ್ನದು ಒಂದು 2024ರಲ್ಲಿ, ಒಂದು 2025ರಲ್ಲಿ ಬಿತ್ತು. 2025ರ ನವೆಂಬರಿನಿಂದ ಇನ್ನೂ ಬಿಗಿ ಮಾಡಿದ್ದಾರೆ. ಸರಿಯಾದ ಕಾರಣ ಇಲ್ಲದೆ ಎರಡಕ್ಕಿಂತ ಹೆಚ್ಚು ಸಲ ಹೀಗೆ ಹೋಗಿಬಂದವರನ್ನು ತಡೆಯುತ್ತಾರೆ. ಹಾಗಾಗಿ ಜನನ ಪತ್ರದ ಲಕೋಟೆ ಮರೆಯಬೇಡಿ, ಹೊರಡುವ ವಾರ ನಿಯಮವನ್ನು ಇನ್ನೊಮ್ಮೆ ನೋಡಿ.

ಮಾರ್ಚಿನಲ್ಲಿ ಬೀಗಿತಿ ಬಂದರು. ಲಕೋಟೆಯನ್ನು ಅವರ ಕೈಗೆ ಕೊಟ್ಟು ನಾನು ಊರಿಗೆ ಹೊರಟೆ. ಅವರು ಕಚೇರಿಯ 1,900 ಬಾತಿನಲ್ಲೇ ಮುಗಿಸಿದರು, ಗಡಿಗೆ ಹೋಗಲೇ ಇಲ್ಲ. ಈಗ ಹೋಗುವವರಿಗೆ ಇನ್ನೊಂದು ಕೆಲಸ ಇದೆ. 2025ರ ಮೇ 1ರಿಂದ ಥಾಯ್ಲೆಂಡಿಗೂ ಆನ್‌ಲೈನ್ ಆಗಮನ ಕಾರ್ಡ್ ಬಂದಿದೆ. ಗಡಿ ದಾಟಿ ವಾಪಸ್ ಬರುವಾಗಲೂ ಪ್ರತಿ ಸಲ ತುಂಬಬೇಕು, ಬರುವ ಮುಂಚಿನ ಮೂರು ದಿನದ ಒಳಗೆ. ಅದಕ್ಕೆ ದುಡ್ಡಿಲ್ಲ. ದುಡ್ಡು ಕೇಳುವ ಪುಟ ತೆರೆದುಕೊಂಡರೆ ಅದು ಸರ್ಕಾರದ್ದಲ್ಲ, ಮುಚ್ಚಿಬಿಡಿ.